ಹಳೆ ಗಾಳಿ ದೋಣಿ: ನಾಲ್ಕು ಸೋರಿಕೆ, ಏಳು ತಿಂಗಳು

ಅಕ್ಕನ ಮನೆ ನಮ್ಮ ತೋಟದ ತುದಿಯಲ್ಲಿ ನಿಂತರೆ ಕಾಣುತ್ತದೆ. ನಡುವೆ ಇರುವುದು ಶರಾವತಿ ಹಿನ್ನೀರಿನ ಒಂದು ಕವಲು, ಅಗಲ ಏಳುನೂರು ಮೀಟರ್ ಇರಬಹುದು. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ 22 ಕಿ.ಮೀ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ಈ ಕಡೆಯ ಎಷ್ಟೋ ಮನೆಗಳದ್ದು ಇದೇ ಕಥೆ. ಹಾಗಾಗಿ ಕರಾವಳಿ ಕಡೆ ಒಬ್ಬರು ಹಳೆಯ ಗಾಳಿ ದೋಣಿ ಮಾರುತ್ತಾರೆ ಅಂತ ಗೊತ್ತಾದಾಗ ಹೋಗಿ 14,000 ರೂಪಾಯಿಗೆ ತಂದೆ. "ಸ್ವಲ್ಪ ಗಾಳಿ ಹೋಗುತ್ತೆ, ಒಂದು ತೇಪೆ ಹಾಕಿದರೆ ಸರಿ" ಅಂದಿದ್ದರು. ಆ ಒಂದು ತೇಪೆಗೆ ಮೇ ತಿಂಗಳಿಂದ ಡಿಸೆಂಬರ್ ತನಕ ಹಿಡಿಯಿತು.

ಮಾಡಿದ್ದನ್ನು ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ. ಹೆಚ್ಚು ಸಮಯ, ಒಂದಷ್ಟು ದುಡ್ಡು ಹೋಗಿದ್ದು ಅಲ್ಲೇ.

ಮೇ 11: ಏನು ತಂದೆ ಅಂತ ನೋಡಿದ್ದು

ಉದ್ದ 3.2 ಮೀಟರ್. ಬದಿಯ ಕೊಳವೆಗಳ ದಪ್ಪ 42 ಸೆಂ.ಮೀ. ಗಾಳಿ ತುಂಬಲು ಮೂರು ಚೇಂಬರ್: ಎಡ, ಬಲ, ಮುಂದಿನ ಮೂತಿ. ತಳದಲ್ಲಿ ಉದ್ದಕ್ಕೆ ಇನ್ನೊಂದು ಸಣ್ಣ ಕೊಳವೆ, ಅದಕ್ಕೆ ಕೀಲ್ ಅನ್ನುತ್ತಾರೆ. ಕಾಲಿಡಲು ಪ್ಲೈವುಡ್ ಹಲಗೆಗಳು. ದೋಣಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸು.

ಮೊದಲು ತಿಳಿಯಬೇಕಾದದ್ದು ಬಟ್ಟೆ ಯಾವುದು ಅಂತ. ಇಂಥ ದೋಣಿಗಳು ಹೆಚ್ಚಾಗಿ ಪಿವಿಸಿ ಬಟ್ಟೆಯವು, ಇಲ್ಲವೇ ಹೈಪಲಾನ್ ಅನ್ನುವ ರಬ್ಬರಿನ ಬಟ್ಟೆಯವು. ಎರಡಕ್ಕೂ ಅಂಟು ಬೇರೆ ಬೇರೆ. ಕಣ್ಣಿಗೆ ಬೀಳದ ಒಂದು ಮೂಲೆಗೆ ಹತ್ತಿಯಲ್ಲಿ ಒಂದು ತೊಟ್ಟು ಅಸಿಟೋನ್ (ಉಗುರುಬಣ್ಣ ತೆಗೆಯಲು ಬಳಸುವ ದ್ರಾವಕ) ಒರೆಸಿದೆ. ಕೂಡಲೇ ಬೆರಳಿಗೆ ಅಂಟಂಟಾಯಿತು. ಅಂದರೆ ಪಿವಿಸಿ. ಹೈಪಲಾನ್ ಆಗಿದ್ದರೆ ಹಾಗೆ ಅಂಟುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಅಂಗಳದಲ್ಲಿ ಗಟ್ಟಿಯಾಗಿ ಗಾಳಿ ತುಂಬಿದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಎಡ, ಬಲ, ಮೂತಿ ಮೂರೂ ಮೆತ್ತಗೆ. ಕೀಲ್ ಪೂರ್ತಿ ಚಪ್ಪಟೆ. ನಾಲ್ಕೂ ಸೋರುತ್ತವೆ ಅಂತ ಬರೆದುಕೊಂಡೆ. ಇದು ಮೊದಲ ತಪ್ಪು. ಅದು ಗೊತ್ತಾಗಿದ್ದು ಆರು ತಿಂಗಳ ಮೇಲೆ.

ಜೂನ್ 2ರಿಂದ 14: ಹಾಕಿದ ತೇಪೆಗಳೆಲ್ಲ ವ್ಯರ್ಥ

ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ ಇಡೀ ದೋಣಿಗೆ ಹೊಡೆದೆ. ಸೋಪು ಜಾಸ್ತಿ ಹಾಕಿದ್ದೆ. ಎಲ್ಲಿ ನೋಡಿದರೂ ನೊರೆ. ಬಲಗಡೆ ಎರಡು ಕಡೆ ನೊರೆ ದಪ್ಪಗೆ ನಿಂತಿತ್ತು, ಅಲ್ಲೇ ತೂತು ಅಂತ ಗುರುತು ಹಾಕಿದೆ. ಕೀಲಿನಲ್ಲಿ ಮಾತ್ರ ನಿಜವಾದ ಒಂದು ತೂತು ಸಿಕ್ಕಿತು. ಗುಳ್ಳೆ ಬುಳುಬುಳು ಅಂತ ಏಳುತ್ತಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಮೇಲೆ ಏಳುವುದನ್ನು ನೀವು ನೋಡಿರಬಹುದು. ಈ ದೋಣಿಯೂ ಹಿಂದೆ ಎಲ್ಲೋ ಅಂಥ ಚೂಪಿಗೆ ತಾಗಿದೆ ಅನ್ನುವುದು ತೂತಿನ ಆಕಾರದಲ್ಲೇ ಗೊತ್ತಾಗುತ್ತಿತ್ತು.

ಮನೆಯಲ್ಲಿ ಸೈಕಲ್ ಪಂಕ್ಚರಿನ ಸಲ್ಯೂಷನ್ ಇತ್ತು. ಟ್ಯೂಬಿನ ತುಂಡು ಕತ್ತರಿಸಿ ಕೀಲಿಗೆ ಒಂದು, ಬಲಗಡೆಗೆ ಒಂದು ಅಂಟಿಸಿದೆ. ಬಲಗಡೆಯ ಇನ್ನೊಂದಕ್ಕೆ ಹಳೆ ಫ್ಲೆಕ್ಸ್ ಬ್ಯಾನರಿನ ತುಂಡು. ಮೂರನೇ ದಿನ ಟ್ಯೂಬಿನ ತೇಪೆಗಳು ಬಾಳೆಸಿಪ್ಪೆಯ ಹಾಗೆ ಎದ್ದು ಬಂದವು. ಪಿವಿಸಿಯನ್ನು ಮೆತ್ತಗಿಡಲು ಅದರಲ್ಲಿ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಅದು ನಿಧಾನಕ್ಕೆ ಹೊರಗೆ ಬಂದು ರಬ್ಬರ್ ಅಂಟನ್ನು ಕರಗಿಸುತ್ತದೆ. ಫ್ಲೆಕ್ಸ್ ಅಂಟಿಕೊಂಡೇ ಇತ್ತು, ಆದರೆ ಅದರ ಮೇಲಿನ ಪದರವೇ ನೂಲಿನಿಂದ ಬಿಟ್ಟುಕೊಂಡಿತು. ಫ್ಲೆಕ್ಸ್ ಗಾಳಿ ತಡೆಯುವ ಬಟ್ಟೆ ಅಲ್ಲ. ಪುಕ್ಕಟೆ ಸಿಗುತ್ತದೆ ಅಂತ ಅದನ್ನು ಮುಟ್ಟಬೇಡಿ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಹಳೆ ಸಲ್ಯೂಷನ್ ತೆಗೆಯಲು 80 ನಂಬರಿನ ಒರಟು ಪಾಲಿಶ್ ಪೇಪರಿನಲ್ಲಿ ಕೀಲನ್ನು ಉಜ್ಜಿದೆ. ಒಂದು ಕಡೆ ಪಿವಿಸಿ ಪದರ ಹೋಗಿ ಒಳಗಿನ ಬಿಳಿ ನೂಲು ಕಂಡಿತು. ಒಂದು ತೂತು ಇದ್ದ ಜಾಗದಲ್ಲಿ ಈಗ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಸೋರತೊಡಗಿತು.

ಜುಲೈ 9: ಸರಿಯಾದ ಅಂಟು, ತಪ್ಪು ಕಾಲ

ಪಿವಿಸಿ ದೋಣಿಗೆ ಬೇಕಾದದ್ದು ಗಟ್ಟಿಕಾರಕ ಬೆರೆಸುವ ಎರಡು ಭಾಗದ ಪಾಲಿಯುರಥೇನ್ ಅಂಟು. 250 ಮಿ.ಲೀ. ಡಬ್ಬಿಗೆ 1,150 ರೂಪಾಯಿ ಕೊಟ್ಟು ತರಿಸಿದೆ. ತೇಪೆಗೆ ಬಯೋಫ್ಲಾಕ್ ವಿಧಾನದಲ್ಲಿ ಮೀನು ಸಾಕುವ ತೊಟ್ಟಿಗೆ ಬಳಸುವ, ಚದರ ಮೀಟರಿಗೆ 650 ಗ್ರಾಂ ತೂಗುವ, ಅಂದರೆ 650 ಜಿಎಸ್‌ಎಂ ಪಿವಿಸಿ ಬಟ್ಟೆ. ತೊಟ್ಟಿ ಕಟ್ಟಿಸಿದ ಸ್ನೇಹಿತರಲ್ಲಿ ಉಳಿದಿದ್ದ ಒಂದು ಮೀಟರ್ ತುಂಡನ್ನು 300 ರೂಪಾಯಿಗೆ ತಂದೆ. ದೋಣಿಯ ಬಟ್ಟೆಗಿಂತ ತೆಳು, ಆದರೆ ಗಾಳಿ ತಡೆಯುತ್ತದೆ.

ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಜಗುಲಿಯಲ್ಲಿ ಕೂತು ಅಂಟು ಹಚ್ಚಿದೆ. ಐದು ನಿಮಿಷದಲ್ಲಿ ಅಂಟಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿತು. ಆದರೂ ಒತ್ತಿ ಅಂಟಿಸಿದೆ. ಮರುದಿನ ಉಗುರು ಹಾಕಿದರೆ ಇಡೀ ತೇಪೆ ಎದ್ದು ಬಂತು. ಆಮೇಲೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದೆ: ಗಾಳಿಯ ತೇವ ಶೇ 60ಕ್ಕಿಂತ ಕಡಿಮೆ ಇರಬೇಕು. ತೇವ ಅಳೆಯುವ ಪುಟ್ಟ ಮೀಟರ್ ಒಂದನ್ನು 340 ರೂಪಾಯಿಗೆ ತಂದೆ. ನಮ್ಮ ಜಗುಲಿಯಲ್ಲಿ ಅದು 92 ತೋರಿಸಿತು. ಮಳೆಗಾಲದ ಮಲೆನಾಡಿನಲ್ಲಿ ಈ ಕೆಲಸ ಆಗುವುದಿಲ್ಲ. ಗಟ್ಟಿಕಾರಕದ ಶೀಶೆಯೂ ಒಮ್ಮೆ ತೆರೆದ ಮೇಲೆ ತೇವ ಎಳೆದುಕೊಂಡು ಕೆಟ್ಟಿತು. 1,150 ರೂಪಾಯಿ ಹೋಯಿತು.

ದೋಣಿಯನ್ನು ಒಣಗಿಸಿ, ಪೌಡರ್ ಹಾಕಿ ಸುತ್ತಿ, ಅಟ್ಟದ ಮೇಲಿಟ್ಟೆ. ಅಲ್ಲಿ ಇಲಿ ಕೀಲಿನ ತುದಿಯನ್ನು ಒಂದು ಕಡೆ ಕಡಿಯಿತು. ಸುತ್ತಿದ ದೋಣಿಯನ್ನು ಅಟ್ಟದಲ್ಲಿ ಇಡುವುದಾದರೆ ತಗಡಿನ ಪೆಟ್ಟಿಗೆಯಲ್ಲೇ ಇಡಿ, ಇಲ್ಲವೇ ತೊಲೆಗೆ ತೂಗುಹಾಕಿ.

ನವೆಂಬರ್ 3: ಅಳೆಯುವ ವ್ಯವಸ್ಥೆ

ಈ ಸಲ ಒಂದು ನಿರ್ಧಾರ ಮಾಡಿಕೊಂಡೆ. ಎಲ್ಲಿ, ಎಷ್ಟು ಸೋರುತ್ತದೆ ಅಂತ ಅಂಕಿಯಲ್ಲಿ ಗೊತ್ತಾಗದೆ ಅಂಟಿನ ಡಬ್ಬಿ ತೆಗೆಯುವುದಿಲ್ಲ.

ದೋಣಿಯ ಒತ್ತಡ ತುಂಬ ಕಡಿಮೆ. ಬದಿಯ ಚೇಂಬರಿಗೆ 3 ಪಿಎಸ್‌ಐ. ಟೈರಿಗೆ ಹಿಡಿಯುವ ಮೀಟರಿನಲ್ಲಿ ಮುಳ್ಳು ಅಲ್ಲಾಡುವುದೂ ಇಲ್ಲ. ಆದರೆ 3 ಪಿಎಸ್‌ಐ ಅಂದರೆ ನೀರಿನ ಲೆಕ್ಕದಲ್ಲಿ ಸುಮಾರು 210 ಸೆಂ.ಮೀ. ಎತ್ತರ. ಅಷ್ಟನ್ನು ಗಾರೆಯವರು ಬಳಸುವ ಮಟ್ಟದ ಪೈಪಿನಲ್ಲೇ ಅಳೆಯಬಹುದು.

8 ಮೀಟರ್ ಪಾರದರ್ಶಕ ಪೈಪು ತಂದೆ, 120 ರೂಪಾಯಿ. ಅಡಿಕೆ ಮನೆಯ ಗೋಡೆಗೆ ಯು ಆಕಾರದಲ್ಲಿ ಕಟ್ಟಿದೆ, ಎರಡು ಕಾಲೂ 2.7 ಮೀಟರ್ ಎತ್ತರ. ಅರ್ಧದ ತನಕ ನೀರು. ಮಟ್ಟ ಚೆನ್ನಾಗಿ ಕಾಣಲಿ ಅಂತ ಅಡಿಕೆ ಬೇಯಿಸಿದ ಚೊಗರನ್ನು ಸ್ವಲ್ಪ ಬೆರೆಸಿದೆ, ಕೆಂಪಗೆ ಎದ್ದು ಕಾಣುತ್ತದೆ. ಒಂದು ತುದಿ ಗಾಳಿಗೆ ತೆರೆದಿದೆ. ಇನ್ನೊಂದು ತುದಿಯನ್ನು ಡ್ರಿಪ್ ಪೈಪಿನ ಟಿ ಆಕಾರದ ಜೋಡಣೆಯ ಮೂಲಕ ಪಂಪಿನ ಕೊಳವೆಗೆ ಸೇರಿಸಿದೆ, 40 ರೂಪಾಯಿ. ಗೋಡೆಗೆ ಬಡಗಿಯ ಟೇಪು ಅಂಟಿಸಿ ಎರಡು ಕಾಲಿನ ನೀರಿನ ಮಟ್ಟದ ವ್ಯತ್ಯಾಸ ಓದುವುದು. ಒಂದು ಸೆಂಟಿಮೀಟರ್ ಬದಲಾದರೂ ಕಾಣುತ್ತದೆ.

ಎರಡು ಎಚ್ಚರಿಕೆ. ಪಂಪನ್ನು ನಿಧಾನ ಒತ್ತಬೇಕು, ಇಲ್ಲದಿದ್ದರೆ ನೀರು ಮೇಲಿನ ತುದಿಯಿಂದ ಹೊರಗೆ ಚಿಮ್ಮುತ್ತದೆ. ಮತ್ತೆ, ಕೊಳವೆ ಸಿಕ್ಕಿಸಿ ತೆಗೆಯುವಾಗ ಸ್ವಲ್ಪ ಗಾಳಿ ಹೋಗೇ ಹೋಗುತ್ತದೆ. ಹತ್ತು ಸಲ ಸಿಕ್ಕಿಸಿ ತೆಗೆದು ನೋಡಿದೆ. ಸಲಕ್ಕೆ ಸುಮಾರು 2 ಸೆಂ.ಮೀ. ಇಳಿಯಿತು. ಅಷ್ಟನ್ನು ಸೋರಿಕೆಗೆ ಸೇರಿಸಬಾರದು.

ನವೆಂಬರ್ 4ರಿಂದ 8: ಬೆಳಗಿನಿಂದ ಬೆಳಗಿಗೆ

ಗೋಡೆಯ ಪೈಪು ಮೊದಲ ದಿನವೇ ಒಂದು ದೊಡ್ಡ ಪಾಠ ಹೇಳಿತು. ಮಧ್ಯಾಹ್ನ ಬಿಸಿಲಿನಲ್ಲಿ 210 ಸೆಂ.ಮೀ. ತನಕ ತುಂಬಿದ ಬಲ ಚೇಂಬರ್, ಸಂಜೆ ನೆರಳಿಗೆ ಬಂದ ಮೇಲೆ 160. ಮರುದಿನ ಮಧ್ಯಾಹ್ನ, ಒಂದು ಸಲವೂ ಪಂಪ್ ಮಾಡದೆ, ಮತ್ತೆ 204. ಗಾಳಿ ಎಲ್ಲಿಗೂ ಹೋಗಿರಲಿಲ್ಲ, ತಣ್ಣಗಾಗಿತ್ತು ಅಷ್ಟೆ. ಒಂದು ಡಿಗ್ರಿ ಬದಲಾದರೆ ಈ ಪೈಪಿನಲ್ಲಿ ಸುಮಾರು 4 ಸೆಂ.ಮೀ. ಬದಲಾಗುತ್ತದೆ. ಮೇ ತಿಂಗಳಲ್ಲಿ ಸಂಜೆಯ ಬಿಸಿಯಲ್ಲಿ ತುಂಬಿ ಬೆಳಗಿನ ತಂಪಿನಲ್ಲಿ ಒತ್ತಿ ನೋಡಿದ್ದೆನಲ್ಲ, ಆಗ ಮೆತ್ತಗೆ ಅನ್ನಿಸದೆ ಇನ್ನೇನಾಗುತ್ತದೆ?

ಅಲ್ಲಿಂದ ಮುಂದೆ ಅಳತೆಯೆಲ್ಲ ಅಡಿಕೆ ಮನೆಯ ಒಳಗೆ, ಬೆಳಿಗ್ಗೆ ಆರಕ್ಕೆ. ಪಕ್ಕದಲ್ಲಿ ಗೋಡೆಯ ಥರ್ಮಾಮೀಟರ್. ಎಲ್ಲ ಚೇಂಬರ್ ತುಂಬಿ 24 ಗಂಟೆ ಬಿಟ್ಟಾಗ ಬಲ 210ರಿಂದ 206. ಎಡ 210ರಿಂದ 88. ಮೂತಿ 210ರಿಂದ 171. ಕೀಲಿಗೆ 240 ಹಾಕಿದ್ದೆ, ರಾತ್ರಿ ಊಟದ ಹೊತ್ತಿಗೆ ಸೊನ್ನೆ.

ಬಲಗಡೆ ಸೋರುತ್ತಲೇ ಇರಲಿಲ್ಲ. ಜೂನಿನಲ್ಲಿ ಅದಕ್ಕೆ ಎರಡು ತೇಪೆ ಹಾಕಿದ್ದು, ಉಜ್ಜಿದ್ದು ಎಲ್ಲ ಸುಮ್ನೆ.

ನವೆಂಬರ್ 9: ಎಡ ಚೇಂಬರಿನ ವಾಲ್ವ್

ನಿಧಾನ ಸೋರುವ ದೋಣಿಯಲ್ಲಿ ಮೊದಲು ವಾಲ್ವ್ ನೋಡಬೇಕು. ನಾನು ಅದನ್ನು ಕೊನೆಗೆ ನೋಡಿದೆ. ಮುಚ್ಚಳ ತೆಗೆದು ವಾಲ್ವಿನ ಗುಳಿಗೆ ಚಮಚದಲ್ಲಿ ಸೋಪು ನೀರು ತುಂಬಿದೆ. ಎರಡು ನಿಮಿಷಕ್ಕೆ ಒಂದರಂತೆ ಗುಳ್ಳೆ. ವಾಲ್ವಿನ ಸುತ್ತ, ಬಟ್ಟೆ ಸೇರುವ ಕಡೆ ಇನ್ನೂ ಜಾಸ್ತಿ.

ಇದು ಎರಡು ಭಾಗದ ವಾಲ್ವ್. ಒಳಗಿನ ಭಾಗ ಮತ್ತು ಹೊರಗಿನ ಭಾಗ ಬಟ್ಟೆಯನ್ನು ನಡುವೆ ಹಿಡಿದು ತಿರುಪಿನಲ್ಲಿ ಬಿಗಿಯಾಗುತ್ತವೆ. ಬಿಚ್ಚಲು ವಿಶೇಷ ಸ್ಪ್ಯಾನರ್ ಬೇಕು. ಪಿವಿಸಿ ಪೈಪಿನ ತುಂಡಿನ ಬಾಯಿಯನ್ನು ಹ್ಯಾಕ್ಸಾದಲ್ಲಿ ಹಲ್ಲಿನ ಹಾಗೆ ಕತ್ತರಿಸಿ ಮಾಡಿಕೊಂಡೆ. ಮೂರನೇ ಪ್ರಯತ್ನಕ್ಕೆ ಸರಿಯಾಗಿ ಕೂತಿತು. ಬಿಚ್ಚುವಾಗ ಒಳಗಿನ ಭಾಗವನ್ನು ಬಟ್ಟೆಯ ಮೇಲಿನಿಂದ ಇನ್ನೊಂದು ಕೈಯಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಅದು ಚೇಂಬರಿನ ಒಳಗೆ ಬಿದ್ದು ಹುಡುಕಾಟ ಶುರುವಾಗುತ್ತದೆ. ರಬ್ಬರ್ ಬಿಲ್ಲೆಯ ಮೇಲೆ ಎರಡು ಮರಳಿನ ಕಣ, ಒಂದು ಕೂದಲು. ಒರೆಸಿ, ಮತ್ತೆ ಜೋಡಿಸಿ, ಮೊದಲಿಗಿಂತ ಕಾಲು ಸುತ್ತು ಜಾಸ್ತಿ ಬಿಗಿ ಮಾಡಿದೆ. ಖರ್ಚು ಏನೂ ಇಲ್ಲ. ಮರುದಿನ ಎಡ ಚೇಂಬರ್ 210ರಿಂದ 149. ಅರ್ಧ ಸೋರಿಕೆ ನಿಂತಿತು.

ನವೆಂಬರ್ 11ರಿಂದ 16: ಗುಳ್ಳೆ ಒಂದು ಕಡೆ, ತೂತು ಇನ್ನೊಂದು ಕಡೆ

ಉಳಿದದ್ದನ್ನು ಹುಡುಕುವಾಗ ಅಪ್ಪಯ್ಯ ಹೇಳಿದರು: "ಸೋಪು ಬಿಡು, ಅಂಟುವಾಳದ ನೀರು ಹಾಕಿ ನೋಡಾ." ರಾತ್ರಿ ನೆನೆಸಿದ ಅಂಟುವಾಳದ ಸಿಪ್ಪೆಯ ನೀರನ್ನು ಕದಡದೆ ಸೋಸಿ, ಪೇಂಟ್ ಬ್ರಷ್ಷಿನಲ್ಲಿ ಮೆಲ್ಲಗೆ ಸವರಿದೆ. ಸವರುವಾಗ ಎದ್ದ ನೊರೆ ಸಾಯುವ ತನಕ ಕಾಯಬೇಕು. ಆಮೇಲೆ ಹೊಸದಾಗಿ ಏನು ಬೆಳೆಯುತ್ತದೆ ಅಂತ ನೋಡಬೇಕು. ಕತ್ತಲಾದ ಮೇಲೆ ಟಾರ್ಚನ್ನು ಅಡ್ಡಕ್ಕೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ನಿಧಾನದ ಸೋರಿಕೆಯಲ್ಲಿ ಗುಳ್ಳೆ ಹಾರುವುದಿಲ್ಲ. ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ಸಣ್ಣ ಬಿಳಿ ನೊರೆ ಹತ್ತು ನಿಮಿಷದಲ್ಲಿ ಮೆಲ್ಲಗೆ ಉಬ್ಬಿ ಬರುತ್ತದೆ.

ಎಡಗಡೆ ಹಿಂದೆ, ಕೆಳಗೆ ಬಟ್ಟೆಯ ಜಾಯಿಂಟಿನ ಹತ್ತಿರ ಅಂಥ ನೊರೆ ಸಿಕ್ಕಿತು. ಪರೀಕ್ಷೆಗೆ ಅದರ ಮೇಲೆ ಒದ್ದೆ ಬೆರಳು ಒತ್ತಿ ಹಿಡಿದೆ. ಐದು ನಿಮಿಷಕ್ಕೆ 11 ಸೆಂ.ಮೀ. ಆಚೆ, ಬಣ್ಣ ಸವೆದ ಇನ್ನೊಂದು ಜಾಗದಲ್ಲಿ ನೊರೆ ಎದ್ದಿತು. ಬೆರಳು ತೆಗೆದರೆ ಮತ್ತೆ ಹಳೆ ಜಾಗದಲ್ಲೇ.

ಇದನ್ನು ಅರ್ಥ ಮಾಡಿಕೊಳ್ಳಲು ಎರಡು ದಿನ ಬೇಕಾಯಿತು. ಒಳಗಡೆ ಜಾಯಿಂಟಿನ ಪಟ್ಟಿ ಎಲ್ಲೋ ಬಿಟ್ಟಿದೆ. ಕತ್ತರಿಸಿದ ನೂಲಿನ ತುದಿಯಿಂದ ಗಾಳಿ ಹೊಕ್ಕು, ಬಟ್ಟೆಯ ನೂಲಿನ ಜೊತೆಗೇ ಹರಿದು, ಮೇಲಿನ ಪದರ ಸವೆದಿರುವ ಕಡೆ ಹೊರಗೆ ಬರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ನೊರೆ ಕಂಡ ಜಾಗಕ್ಕೆ ಮಾತ್ರ ಸಣ್ಣ ತೇಪೆ ಹಾಕಿದರೆ ಪಕ್ಕದಲ್ಲಿ ಬರುತ್ತದೆ. ಆ ಜಾಯಿಂಟಿನ ಉದ್ದಕ್ಕೂ ಒಂದೇ ಪಟ್ಟಿ ಹಾಕಬೇಕು.

ಮೂತಿಯದು ಬೇರೆ ತರ. ಹೊರಗೆ ಎಲ್ಲೂ ನೊರೆ ಇಲ್ಲ, ವಾಲ್ವ್ ಸರಿಯಿದೆ. ಆಗ ಪಕ್ಕದ ಚೇಂಬರುಗಳನ್ನು ಒಂದೊಂದೇ ಖಾಲಿ ಮಾಡಿ ಅಳೆದೆ. ಬಲ ಖಾಲಿ, ಎಡ ತುಂಬಿ: ಮೂತಿ 203ರಲ್ಲಿ ನಿಂತಿತು. ಎಡ ಖಾಲಿ, ಬಲ ತುಂಬಿ: 168ಕ್ಕೆ ಇಳಿಯಿತು. ಅಂದರೆ ಎಡಕ್ಕೂ ಮೂತಿಗೂ ನಡುವಿನ ಒಳಗೋಡೆ ಸೋರುತ್ತಿದೆ. ಅದನ್ನು ಸರಿ ಮಾಡಲು ಚೇಂಬರನ್ನೇ ಕೊಯ್ಯಬೇಕು. ಒಂದು ದಿನಕ್ಕೆ 42 ಸೆಂ.ಮೀ. ಅಂದರೆ ಎಡ ಚೇಂಬರ್ ಒಡೆದರೂ ಮೂತಿ ನನ್ನನ್ನು ದಡಕ್ಕೆ ತರುವಷ್ಟು ಗಂಟೆ ಗಟ್ಟಿಯಾಗಿರುತ್ತದೆ. ಕೊಯ್ಯಲಿಲ್ಲ. ಎರಡಕ್ಕೂ ಸಮ ಒತ್ತಡ ಇಟ್ಟರೆ ಗಾಳಿ ಆಚೀಚೆ ಹೋಗುವುದಿಲ್ಲ.

ನವೆಂಬರ್ 23: ಅಂಟಿಸಿದ್ದು

ಜಾಗ: ಅಡಿಕೆ ಒಣಗಿಸುವ ಪಾಲಿಹೌಸ್. ಬೆಳಿಗ್ಗೆ ಹನ್ನೊಂದಕ್ಕೆ ತೇವ ಶೇ 48, ಬಿಸಿ 29 ಡಿಗ್ರಿ. ಮಧ್ಯಾಹ್ನ ಅಲ್ಲಿ ಅತಿ ಬಿಸಿ, ಅಂಟು ಹಚ್ಚುವಾಗಲೇ ಒಣಗುತ್ತದೆ. ಎರಡೂ ಬದಿಯ ಬಾಗಿಲು ತೆರೆದಿಟ್ಟೆ, ಕೈಗವಸು ಮತ್ತು ಮಾಸ್ಕ್ ಹಾಕಿದೆ. ಅಡಿಕೆ ಬೇಯಿಸುವ ಒಲೆಗೆ ಆ ದಿನ ಬೆಂಕಿ ಹಾಕಬೇಡಿ ಅಂತ ಮನೆಯವರಿಗೆ ಮೊದಲೇ ಹೇಳಿದ್ದೆ. ಅಸಿಟೋನಿನ ಆವಿಗೆ ಬೆಂಕಿ ದೂರದಿಂದಲೂ ಹತ್ತಿಕೊಳ್ಳಬಹುದು.

ಅಂಟುವಾಳದ ಅಂಶ ಉಳಿಯದ ಹಾಗೆ ಹಿಂದಿನ ದಿನವೇ ನೀರಲ್ಲಿ ತೊಳೆದು ಒಣಗಿಸಿದ್ದೆ. ದೋಣಿಯ ಗಾಳಿ ಪೂರ್ತಿ ತೆಗೆದು, ಅಡಿಗೆ ಹಲಗೆ ಇಟ್ಟು, ಬಟ್ಟೆಯನ್ನು ಸಮ ಮಾಡಿದೆ. ಕೀಲಿನ ತೂತಿಗೆ ಗುಂಡಗಿನ ತೇಪೆ, ಸುತ್ತ 5 ಸೆಂ.ಮೀ. ಜಾಸ್ತಿ ಬರುವಂತೆ. ಇಲಿ ಕಡಿದಲ್ಲಿಗೆ ಇನ್ನೊಂದು. ಎಡಗಡೆ ಜಾಯಿಂಟಿಗೆ 60 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಪಟ್ಟಿ. ಮೂಲೆಗಳನ್ನೆಲ್ಲ ಗುಂಡಗೆ ಕತ್ತರಿಸಿದೆ. ಚೂಪು ಮೂಲೆಯೇ ಮೊದಲು ಏಳುವುದು.

ಇಲ್ಲಿ ಮತ್ತೊಂದು ತಪ್ಪು ಆಯಿತು. ತೂತಿನ ಮೇಲೆಯೇ ಮಾರ್ಕರಿನಲ್ಲಿ ಚುಕ್ಕೆ ಇಟ್ಟಿದ್ದೆ. ಅಸಿಟೋನಿನಲ್ಲಿ ಒರೆಸಿದ ಕೂಡಲೇ ಚುಕ್ಕೆ ಮಾಯ. ಇಲಿ ಕಡಿದ ಜಾಗ ಸೂಜಿಮೊನೆಯಷ್ಟು, ಕಣ್ಣಿಗೆ ಸಿಗುವಂಥದ್ದಲ್ಲ. ಮತ್ತೆ ಗಾಳಿ ತುಂಬಿ, ಹುಡುಕಿ, ತೊಳೆದು, ಒಣಗಿಸುವ ಹೊತ್ತಿಗೆ ಆ ತೇಪೆ ಮರುದಿನಕ್ಕೆ ಹೋಯಿತು. ಗುರುತನ್ನು ತೇಪೆಯ ಜಾಗದಿಂದ ಆಚೆ ನಾಲ್ಕು ದಿಕ್ಕಿಗೆ ಗೆರೆಯಾಗಿ ಹಾಕಬೇಕು. ಗೆರೆಗಳು ಸೇರುವಲ್ಲಿ ತೂತು.

180 ನಂಬರಿನ ಪೇಪರಿನಲ್ಲಿ ಹೊಳಪು ಹೋಗುವಷ್ಟೇ ಉಜ್ಜಿದೆ. ಸುತ್ತ ಮಾಸ್ಕಿಂಗ್ ಟೇಪು. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು 20 ಮಿ.ಲೀ. ಅಂಟಿಗೆ 1 ಮಿ.ಲೀ. ಗಟ್ಟಿಕಾರಕ. ಎರಡೂ ಮುಖಕ್ಕೆ ತೆಳುವಾಗಿ ಒಂದು ಕೋಟ್, 15 ನಿಮಿಷ ಕಾದದ್ದು. ಎರಡನೇ ಕೋಟ್, 10 ನಿಮಿಷ. ಬೆರಳ ಗೆಣ್ಣು ತಾಗಿಸಿದರೆ ಅಂಟಬೇಕು, ಆದರೆ ನೂಲು ಎಳೆಯಬಾರದು. ಆಗ ಹೇರ್ ಡ್ರೈಯರಿನಲ್ಲಿ ಎರಡೂ ಮುಖ ಬಿಸಿ ಮಾಡಿ, ನಡುವಿನಿಂದ ಅಂಚಿಗೆ ರೋಲರ್ ಒತ್ತುತ್ತಾ ಕೂರಿಸಿದೆ. ಉದ್ದದ ಪಟ್ಟಿಗೆ ಇನ್ನೊಬ್ಬರ ಕೈ ಬೇಕೇ ಬೇಕು. ಹೆಂಡತಿ ಒಂದು ತುದಿ ಎತ್ತಿ ಹಿಡಿದಳು, ನಾನು ಒತ್ತುತ್ತಾ ಬಂದೆ. ಮೇಲೆ ಹಲಗೆ, ಅದರ ಮೇಲೆ ಎರಡು ಚೀಲ ಗೊಬ್ಬರ. ಮೂರು ದಿನ ಮುಟ್ಟಲಿಲ್ಲ.

ಡಿಸೆಂಬರ್ 1: ಅಳತೆ ಮತ್ತು ಖರ್ಚು

24 ಗಂಟೆಯ ಲೆಕ್ಕ, ಎಲ್ಲ ತುಂಬಿದಾಗ: ಬಲ 206. ಎಡ 201. ಮೂತಿ 205. ಕೀಲ್ 240ರಿಂದ 222. ಕೀಲಿನಲ್ಲಿ ನಾನೇ ಜೂನಿನಲ್ಲಿ ಉಜ್ಜಿ ನೂಲು ತೆಗೆದ ಜಾಗದ ಅಂಚಿನಲ್ಲಿ ಇನ್ನೂ ಸಣ್ಣ ನೊರೆ ಇದೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ಕೆಲಸಕ್ಕೆ ಬಂದ ಖರ್ಚು: ಅಂಟು 1,150, ಬಟ್ಟೆ 300, ಅಸಿಟೋನ್ ಒಂದು ಲೀಟರ್ 260, ತೇವದ ಮೀಟರ್ 340, ರೋಲರ್ 180, ಪೇಪರ್, ಟೇಪು, ಬ್ರಷ್ 150, ಮಟ್ಟದ ಪೈಪು 120, ಡ್ರಿಪ್ ಸಾಮಾನು 40. ಒಟ್ಟು 2,540. ಹಾಳಾದದ್ದು ಮೊದಲ ಡಬ್ಬಿ 1,150, ಪಂಕ್ಚರ್ ಸಾಮಾನು 90.

ಡಿಸೆಂಬರ್ 7: ನೀರಿಗೆ

ಇಬ್ಬರಿಗೆ ಲೈಫ್ ಜಾಕೆಟ್, ಪಂಪು, ಎರಡು ಹುಟ್ಟು. ಈ ತಿಂಗಳಲ್ಲಿ ಬೊಡ್ಡೆಗಳೆಲ್ಲ ನೀರಿನ ಕೆಳಗೇ ಇರುತ್ತವೆ. ಹಾಗಾಗಿ ಬೇಸಿಗೆಯಲ್ಲಿ ನೋಡಿಟ್ಟ ಖಾಲಿ ದಾರಿಯಲ್ಲೇ ಹೋದೆವು.

ಬಿಸಿಲಿನಲ್ಲಿ ಗಟ್ಟಿಯಾಗಿ ತುಂಬಿದ್ದ ದೋಣಿ ನೀರಿಗಿಳಿದ ಹತ್ತು ನಿಮಿಷಕ್ಕೆ ಮೆತ್ತಗಾಯಿತು. ಹೆಂಡತಿ ನನ್ನ ಮುಖ ನೋಡಿದಳು. ನೀರಿನ ತಂಪು ಅಂತ ಹೇಳಿದೆ, ಆದರೂ ಎದೆ ಹೊಡೆದುಕೊಳ್ಳುತ್ತಿತ್ತು. ಅಕ್ಕನ ಮನೆಯ ದಡಕ್ಕೆ ಎಳೆದು ಬಿಸಿಲಿಗಿಟ್ಟು ಊಟಕ್ಕೆ ಹೋದೆವು. ಊಟ ಮುಗಿಸಿ ಭಾವ ನನಗಿಂತ ಮೊದಲು ದಡಕ್ಕೆ ಹೋಗಿ ಎಡ ಚೇಂಬರಿಗೆ ಗುದ್ದಿ ನೋಡಿದರು. "ಕಲ್ಲಿನ ಹಂಗಿದೆ ಮಾರಾಯ" ಅಂತ ಅಲ್ಲಿಂದಲೇ ಕೂಗಿದರು.